ಕಣ್ಣು ಒಣಗಿದವರಿಗೆಲ್ಲ ದೊಡ್ಡ ಲೆನ್ಸ್ ಬೇಕೇ?

"ಕಣ್ಣಲ್ಲಿ ಹೊಯಿಗೆ ಬಿದ್ದ ಹಾಗೆ ಆಗ್ತದೆ" ಎಂಬ ಮಾತು ಕೇಳದ ಮನೆ ನಮ್ಮಲ್ಲಿ ಕಡಿಮೆ. ಅದಕ್ಕೆ ನಾವು ಕೊಡುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಮೊಬೈಲ್ ನೋಡುವುದು ಕಡಿಮೆ ಮಾಡಿ, ಮೆಡಿಕಲ್‌ನಿಂದ ಒಂದು ಡ್ರಾಪ್ಸ್ ತನ್ನಿ, ಸ್ವಲ್ಪ ಕಣ್ಣು ಮುಚ್ಚಿ ಮಲಗಿ. ಬಹಳ ಜನರಿಗೆ ಅಷ್ಟು ಸಾಕು. ಆದರೆ ಕೆಲವರಿಗೆ ಸಾಕಾಗುವುದಿಲ್ಲ. ಅವರು ಗಂಟೆಗೊಮ್ಮೆ ಡ್ರಾಪ್ಸ್ ಹಾಕುತ್ತಾರೆ, ಅರ್ಧ ಗಂಟೆಯಲ್ಲಿ ಕಣ್ಣು ಮತ್ತೆ ಉರಿಯುತ್ತದೆ. ಬೆಳಗ್ಗೆ ಏಳುವಾಗ ರೆಪ್ಪೆ ಅಂಟಿಕೊಂಡಿರುತ್ತದೆ. ಹಗಲಿನ ಬೆಳಕಿಗೆ ಕಣ್ಣು ಬಿಡಲಾಗದೆ ಕಿಟಕಿಯ ಪರದೆ ಎಳೆದು ಕೂರುತ್ತಾರೆ. ಮದುವೆ ಮನೆಗೆ ಹೋದರೂ ಫ್ಯಾನಿನ ಗಾಳಿ ಬೀಳದ ಮೂಲೆ ಹುಡುಕುತ್ತಾರೆ.

ಇಂಥವರ ಕಿವಿಗೆ ಈಗ ಒಂದು ಹೊಸ ಹೆಸರು ಬೀಳುತ್ತಿದೆ: ಸ್ಕ್ಲೀರಲ್ ಲೆನ್ಸ್. ಕಣ್ಣಿನ ಡಾಕ್ಟ್ರು ಹೇಳುತ್ತಾರೆ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ವೀಡಿಯೊ ಬರುತ್ತದೆ. ಬೆಲೆ ಕೇಳಿದರೆ ಒಂದು ಕಣ್ಣಿಗೇ ಹತ್ತಾರು ಸಾವಿರ. ಗಲ್ಫ್‌ನಲ್ಲಿರುವ ಮಗ "ಹಣದ ಚಿಂತೆ ಬೇಡ ಉಮ್ಮಾ, ಹಾಕಿಸಿ" ಅನ್ನುತ್ತಾನೆ. ಊರಿನಲ್ಲಿರುವವರು "ಕಣ್ಣೊಳಗೆ ಅಷ್ಟು ದೊಡ್ಡ ವಸ್ತುವಾ, ಬೇಡಪ್ಪಾ" ಅನ್ನುತ್ತಾರೆ. ಮಧ್ಯದಲ್ಲಿ ಕಣ್ಣು ಒಣಗಿದವರು ಯಾರ ಮಾತು ಕೇಳಬೇಕು?

ತಪ್ಪು ಎರಡೂ ಕಡೆಯಿಂದ ಆಗಬಹುದು. ಬೇಡದವರು ಹಣ ಕೊಟ್ಟು ಹಾಕಿಸಿಕೊಂಡು, ಕೆಲವು ತಿಂಗಳಲ್ಲಿ ಲೆನ್ಸನ್ನು ಕಪಾಟಿನಲ್ಲಿಟ್ಟು ಸುಮ್ಮನಾಗಬಹುದು. ನಿಜವಾಗಿ ಬೇಕಾದವರು "ಅದೆಲ್ಲ ನಮಗಲ್ಲ" ಎಂದು ಬಿಟ್ಟು, ಕರಿಗುಡ್ಡೆಯ ಮೇಲೆ ಕಲೆ ಬಿದ್ದ ಮೇಲೆ ಆಸ್ಪತ್ರೆಗೆ ಓಡಬಹುದು. ಬಿದ್ದ ಕಲೆಯನ್ನು ಯಾವ ಲೆನ್ಸೂ ಅಳಿಸುವುದಿಲ್ಲ. ಆದ್ದರಿಂದ "ಲೆನ್ಸ್ ಒಳ್ಳೆಯದಾ?" ಎಂದು ಕೇಳುವುದಕ್ಕಿಂತ ನಾವು ಬೇರೆ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಈ ಕಣ್ಣಲ್ಲಿ ಕೆಟ್ಟಿರುವುದು ಏನು? ಇದಕ್ಕೆ ಮೊದಲು ಏನೆಲ್ಲ ಮಾಡಿ ನೋಡಿದ್ದಾಗಿದೆ? ದಿನಾ ಈ ಲೆನ್ಸಿನ ಚಾಕರಿ ಮಾಡಲು ನಮ್ಮ ಮನೆಗೆ ಸಾಧ್ಯವಾ?

ನೀರು ಇಲ್ಲವಾ, ಎಣ್ಣೆ ಇಲ್ಲವಾ?

ಕಣ್ಣೀರು ಅಂದರೆ ಬರೀ ನೀರಲ್ಲ. ಕಣ್ಣಿಗೆ ತಾಗಿಕೊಂಡು ಲೋಳೆಯ ಅಂಶ, ಅದರೊಂದಿಗೆ ನೀರು, ಎಲ್ಲಕ್ಕಿಂತ ಮೇಲೆ ತೆಳುವಾದ ಎಣ್ಣೆಯ ಪದರ. ಸಾರಿನ ಮೇಲೆ ಎಣ್ಣೆ ತೇಲಿದ ಹಾಗೆ ಆ ಪದರ ನೀರನ್ನು ಆರದಂತೆ ಕಾಯುತ್ತದೆ. ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗ್ರಂಥಿಗಳಿಂದ. ನೀರು ಬರುವುದು ಮುಖ್ಯವಾಗಿ ಕಣ್ಣಿನ ಮೇಲ್ಭಾಗದ ಕಣ್ಣೀರಿನ ಗ್ರಂಥಿಯಿಂದ.

ಎಣ್ಣೆಯ ಗ್ರಂಥಿ ಕಟ್ಟಿಕೊಂಡರೆ ನೀರು ಇದ್ದರೂ ಬೇಗ ಆರುತ್ತದೆ. ಎಸಿ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರಲ್ಲಿ ಇದೇ ಜಾಸ್ತಿ ಕಾಣುವುದು. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆ ಮಾಡುತ್ತೇವೆ. ನೀರಿನ ಗ್ರಂಥಿಯೇ ಕೆಟ್ಟರೆ ಮಾತ್ರ ಕಥೆ ಬೇರೆ. ಆಗ ನಮ್ಮ ಕಡಲ ತೀರದ ಹಸಿ ಗಾಳಿಯಲ್ಲಿ ಕೂತರೂ ಕಣ್ಣು ಒಣಗುತ್ತದೆ.

ಇನ್ನೊಂದು ವಿಚಿತ್ರ ಇದೆ. ಕಣ್ಣು ಒಣಗುವ ಕೆಲವರ ಕಣ್ಣಲ್ಲಿ ಸುಮ್ಮನೆ ನೀರು ಸುರಿಯುತ್ತದೆ. ಉರಿ ತಾಳದೆ ಕಣ್ಣು ಒಮ್ಮೆಲೇ ನೀರು ಬಿಡುತ್ತದೆ, ಆದರೆ ಆ ನೀರು ಕಣ್ಣಿನ ಮೇಲೆ ನಿಲ್ಲುವುದಿಲ್ಲ. "ನನಗೆ ನೀರು ಬರ್ತದೆ, ಒಣಗುವುದು ಹೇಗೆ?" ಎಂದು ಕೇಳುವವರಿಗೆ ಉತ್ತರ ಇದು.

ತೀವ್ರ ಅಂದರೆ ಎಷ್ಟು?

ತೀವ್ರವಾಗಿ ಒಣಗುವ ಕಣ್ಣಿನ ಹಿಂದೆ ಹೆಚ್ಚಾಗಿ ದೊಡ್ಡ ಕಾರಣವೊಂದು ಇರುತ್ತದೆ. ಅದರಲ್ಲಿ ಒಂದು ಶೋಗ್ರೆನ್ ಕಾಯಿಲೆ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ಇದನ್ನು ವಿವರವಾಗಿ ಬರೆದರು. ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ದಾಳಿ ಮಾಡುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎಷ್ಟೋ ಪಟ್ಟು ಹೆಚ್ಚು, ಅದೂ ನಡುವಯಸ್ಸಿನ ನಂತರ. ಕಣ್ಣು ಒಣಗುವುದರ ಜೊತೆ ಬಾಯಿ ಒಣಗುತ್ತದೆ, ನೀರು ಕುಡಿಯದೆ ರೊಟ್ಟಿ ನುಂಗಲಾಗುವುದಿಲ್ಲ, ಕೈಕಾಲಿನ ಗಂಟು ನೋಯುತ್ತದೆ. ನಮ್ಮ ಮನೆಗಳಲ್ಲಿ ಉಮ್ಮಂದಿರು ಇದನ್ನೆಲ್ಲ "ವಯಸ್ಸಾಯ್ತು, ಹಾಗೆಯೇ" ಎಂದು ನುಂಗಿಕೊಳ್ಳುವುದು ರೂಢಿ. ಕಣ್ಣು, ಬಾಯಿ, ಗಂಟು ಮೂರೂ ಒಟ್ಟಿಗೆ ತೊಂದರೆ ಕೊಟ್ಟರೆ ಕಣ್ಣಿನ ಡಾಕ್ಟ್ರ ಜೊತೆ ಸಂಧಿವಾತದ ತಜ್ಞರನ್ನೂ ಕಾಣಬೇಕು. ಅದಕ್ಕೆ ರಕ್ತ ಪರೀಕ್ಷೆಗಳಿವೆ.

ಇನ್ನೊಂದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. ಅಮೆರಿಕದ ಇಬ್ಬರು ವೈದ್ಯರು 1922ರಲ್ಲಿ ಇದನ್ನು ವರದಿ ಮಾಡಿದ್ದರಿಂದ ಅವರದೇ ಹೆಸರು. ಅಪರೂಪದ್ದು, ಆದರೆ ಭಯಂಕರ. ಹೆಚ್ಚಾಗಿ ಯಾವುದೋ ಔಷಧಿ ದೇಹಕ್ಕೆ ಒಗ್ಗದೆ ಚರ್ಮ, ಬಾಯಿ, ಕಣ್ಣಿನ ಒಳಪದರ ಸುಟ್ಟ ಹಾಗೆ ಏಳುತ್ತದೆ. ಸಲ್ಫಾ ಔಷಧಿಗಳು, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಮತ್ತು ಫೆನಿಟೊಯಿನ್, ಯೂರಿಕ್ ಆಮ್ಲಕ್ಕೆ ಕೊಡುವ ಅಲೊಪ್ಯೂರಿನಾಲ್ ಇದಕ್ಕೆ ಹೆಸರಾದವು. ಜೀವ ಉಳಿದರೂ ಕಣ್ಣೀರಿನ ಗ್ರಂಥಿ ಕೆಡುತ್ತದೆ, ರೆಪ್ಪೆಯ ಒಳ ಅಂಚು ಒರಟಾಗುತ್ತದೆ. ಮಿಟುಕಿಸುವಾಗಲೆಲ್ಲ ಅದು ಕಣ್ಣನ್ನು ಉಜ್ಜುತ್ತದೆ. ಒಮ್ಮೆ ಇದು ಬಂದವರು ಆ ಔಷಧಿಯ ಹೆಸರನ್ನು ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಲೇಬೇಕು.

ಮುಖದ ಒಂದು ಬದಿಗೆ ಪಾರ್ಶ್ವವಾಯು ಆಗಿ ರೆಪ್ಪೆ ಪೂರ್ತಿ ಮುಚ್ಚದವರು, ಬೇರೆಯವರ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡ ಮೇಲೆ ಆ ಕಸಿಯ ಕೋಶಗಳೇ ದೇಹದ ಮೇಲೆ ತಿರುಗಿಬಿದ್ದವರು, ಸರ್ಪಸುತ್ತು ಅಥವಾ ಮಧುಮೇಹದಿಂದ ಕಣ್ಣಿನ ಸ್ಪರ್ಶಜ್ಞಾನ ಕಳಕೊಂಡವರು ಕೂಡ ಇದೇ ಸಾಲಿನಲ್ಲಿ ಬರುತ್ತಾರೆ.

ತೀವ್ರತೆ ಅಳೆಯಲು ಡಾಕ್ಟ್ರ ಹತ್ತಿರ ಸರಳ ಪರೀಕ್ಷೆಗಳೇ ಇವೆ. ಕೆಳ ರೆಪ್ಪೆಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುವುದು ಶರ್ಮರ್ ಪರೀಕ್ಷೆ. ಪಟ್ಟಿ 10 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ಸಾಮಾನ್ಯವಾಗಿ ಸಮಾಧಾನ, 5ಕ್ಕಿಂತ ಕಡಿಮೆ ಆದರೆ ನೀರು ತೀರಾ ಕಡಿಮೆ ಎಂದು ಅರ್ಥ. ಹಳದಿ ಬಣ್ಣ ಹಾಕಿ, ಕಣ್ಣು ಮಿಟುಕಿಸದೆ ಎಷ್ಟು ಸೆಕೆಂಡಿಗೆ ಕಣ್ಣೀರಿನ ಪದರ ಒಡೆಯುತ್ತದೆ ಎಂದೂ ನೋಡುತ್ತಾರೆ. ಅದೇ ಬಣ್ಣ ಕಾರ್ನಿಯಾದ ಮೇಲೆ ಎಲ್ಲೆಲ್ಲಿ ಗಾಯ ಇದೆ ಎಂದು ಚುಕ್ಕಿ ಚುಕ್ಕಿಯಾಗಿ ತೋರಿಸುತ್ತದೆ. ಕಾರ್ನಿಯಾ ಅಂದರೆ ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪದರ. ಆ ಚುಕ್ಕಿಗಳು ಎಷ್ಟಿವೆ ಎನ್ನುವುದು ಲೆನ್ಸಿನ ತೀರ್ಮಾನದಲ್ಲಿ ಬಹಳ ಮುಖ್ಯ.

ಒಂದು ವಿಷಯ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಕೆಲವರಿಗೆ ಉರಿ ವಿಪರೀತ, ಆದರೆ ಪರೀಕ್ಷೆಯಲ್ಲಿ ಕಣ್ಣು ಹೆಚ್ಚುಕಮ್ಮಿ ಸರಿಯಾಗಿಯೇ ಕಾಣುತ್ತದೆ. ಅಂಥವರಿಗೆ ಡಾಕ್ಟ್ರು ಮರಗಟ್ಟಿಸುವ ಹನಿ ಹಾಕಿ ನೋಡುತ್ತಾರೆ. ಹನಿ ಹಾಕಿದ ಮೇಲೂ ನೋವು ಹಾಗೇ ಉಳಿದರೆ ತೊಂದರೆ ಕಣ್ಣಿನ ಮೇಲ್ಮೈಯಲ್ಲಲ್ಲ, ನೋವಿನ ನರದ ದಾರಿಯಲ್ಲಿ ಇರಬಹುದು. ಆಗ ಮೇಲೆ ಲೆನ್ಸ್ ಕೂರಿಸಿದರೂ ನೋವು ಹೋಗುತ್ತದೆ ಎಂಬ ಭರವಸೆ ಇಲ್ಲ. ಮರಗಟ್ಟಿಸುವ ಆ ಹನಿಯನ್ನು ಮನೆಯಲ್ಲಿ ಹಾಕಿಕೊಳ್ಳಲೇಬಾರದು, ಅದು ಕಾರ್ನಿಯಾವನ್ನು ಕೆಡಿಸುತ್ತದೆ.

ಲೆನ್ಸ್ ಏನು ಮಾಡುತ್ತದೆ?

ಮಾಮೂಲಿ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಕರಿಗುಡ್ಡೆಯ ಮೇಲೆಯೇ ಕೂರುತ್ತದೆ, 9-10 ಮಿಲಿಮೀಟರ್ ಅಗಲ. ಸ್ಕ್ಲೀರಲ್ ಲೆನ್ಸ್ ಅದಕ್ಕಿಂತ ತುಂಬ ದೊಡ್ಡದು, ಹೆಚ್ಚಿನವು 14ರಿಂದ 20 ಮಿಲಿಮೀಟರ್ ಆಸುಪಾಸು. ಅದರ ಅಂಚು ಕೂರುವುದು ಕಣ್ಣಿನ ಬಿಳಿಭಾಗದ ಮೇಲೆ. ಆ ಬಿಳಿಭಾಗಕ್ಕೆ ಸ್ಕ್ಲೀರಾ ಎಂದು ಹೆಸರು, ಲೆನ್ಸಿಗೂ ಅದೇ ಹೆಸರು ಬಂತು. ಕರಿಗುಡ್ಡೆಯನ್ನು ಲೆನ್ಸ್ ಮುಟ್ಟುವುದೇ ಇಲ್ಲ, ಮೇಲಿನಿಂದ ಕಮಾನು ಕಟ್ಟಿದ ಹಾಗೆ ದಾಟಿ ಹೋಗುತ್ತದೆ. ಹಾಕುವ ಮೊದಲು ಲೆನ್ಸಿನ ಬಟ್ಟಲಿಗೆ ಸಂರಕ್ಷಕ ರಾಸಾಯನಿಕ ಇಲ್ಲದ ಸಲೈನ್ ತುಂಬಿಸುತ್ತಾರೆ. ದಿನವಿಡೀ ಆ ನೀರಿನ ಕೆರೆ ಕಾರ್ನಿಯಾಕ್ಕೆ ತಾಗಿಕೊಂಡೇ ಇರುತ್ತದೆ. ಗಾಳಿ ತಾಗುವುದಿಲ್ಲ, ಒರಟು ರೆಪ್ಪೆ ಉಜ್ಜುವುದಿಲ್ಲ. ಗಾಯ ಮಾಯಲು ಕಾರ್ನಿಯಾಕ್ಕೆ ಅವಕಾಶ ಸಿಗುತ್ತದೆ. ಮೇಲ್ಮೈ ಏರುತಗ್ಗಾಗಿದ್ದರೆ ಆ ನೀರು ಅದನ್ನು ತುಂಬಿ ದೃಷ್ಟಿಯನ್ನೂ ತಿಳಿಯಾಗಿಸುತ್ತದೆ.

ಇದು ಹೊಸ ಕಲ್ಪನೆ ಅಲ್ಲ. 1888ರಷ್ಟು ಹಿಂದೆಯೇ ಜೂರಿಚ್‌ನ ವೈದ್ಯ ಅಡೋಲ್ಫ್ ಫಿಕ್ ಬಿಳಿಭಾಗದ ಮೇಲೆ ಕೂರುವ ಗಾಜಿನ ಲೆನ್ಸ್ ಬಗ್ಗೆ ಬರೆದಿದ್ದರು. ಆದರೆ ಗಾಜಿನ ಮೂಲಕ ಗಾಳಿ ಹಾಯುವುದಿಲ್ಲ, ಕಾರ್ನಿಯಾ ಉಸಿರುಗಟ್ಟಿ ಬಾತುಕೊಳ್ಳುತ್ತಿತ್ತು. ಆಮ್ಲಜನಕ ಹಾಯಲು ಬಿಡುವ ಪ್ಲಾಸ್ಟಿಕ್ ಬಂದ ಮೇಲೆಯೇ, 1980ರ ದಶಕದಿಂದ ಈಚೆಗೆ, ಇದು ನಿಜವಾದ ಚಿಕಿತ್ಸೆ ಆಯಿತು. ಅಮೆರಿಕದ ಬಾಸ್ಟನ್‌ನಲ್ಲಿ ಡಾ. ಪೆರ್ರಿ ರೋಸೆಂತಾಲ್ ಬೆಳೆಸಿದ ವಿಧಾನ ಈಗ 'ಪ್ರೋಸ್' ಎಂಬ ಹೆಸರಿನಲ್ಲಿ ಪ್ರಸಿದ್ಧ. ನಮ್ಮ ದೇಶದಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ಮತ್ತು ಚೆನ್ನೈಯ ಶಂಕರ ನೇತ್ರಾಲಯ ಅದನ್ನು ಮಾಡುತ್ತಾ ಬಂದಿವೆ.

ಆದರೆ ಒಂದು ಮಾತು ನೆನಪಿರಲಿ. ಲೆನ್ಸ್ ಕಣ್ಣೀರು ಹುಟ್ಟಿಸುವುದಿಲ್ಲ. ಶೋಗ್ರೆನ್ ಇದ್ದವರಿಗೆ ಶೋಗ್ರೆನ್ ಹಾಗೇ ಇರುತ್ತದೆ. ರಾತ್ರಿ ಲೆನ್ಸ್ ತೆಗೆದ ಮೇಲೆ ಡ್ರಾಪ್ಸ್, ಮುಲಾಮು ಬೇಕೇ ಬೇಕು. ಕೊಡೆ ಹಿಡಿದರೆ ಮಳೆ ನಿಲ್ಲುವುದಿಲ್ಲವಲ್ಲ, ನಾವು ಒದ್ದೆಯಾಗುವುದಿಲ್ಲ ಅಷ್ಟೇ.

ಮೊದಲಿನ ಮೆಟ್ಟಿಲು ಹತ್ತಿದ್ದಾಯಿತೇ?

2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಣಕಣ್ಣಿನ ಚಿಕಿತ್ಸೆಯನ್ನು ನಾಲ್ಕು ಹಂತವಾಗಿ ಜೋಡಿಸಿದರು. ಅದರಲ್ಲಿ ಸ್ಕ್ಲೀರಲ್ ಲೆನ್ಸ್ ಬರುವುದು ಮೂರನೇ ಹಂತದಲ್ಲಿ. ಅಂದರೆ ಶುರುವಿನ ಮದ್ದಲ್ಲ, ಕೊನೆಯ ಮದ್ದೂ ಅಲ್ಲ.

ಮೊದಲ ಹಂತ ಮನೆಯದು. ಫ್ಯಾನ್, ಎಸಿಯ ಗಾಳಿ ನೇರ ಮುಖಕ್ಕೆ ಹೊಡೆಯದಂತೆ ಕೂರುವುದು, ಪರದೆಯ ಮುಂದೆ ಬೇಕೆಂದೇ ಕಣ್ಣು ಮಿಟುಕಿಸುವುದು, ರೆಪ್ಪೆಗೆ ಬಿಸಿ ಬಟ್ಟೆಯ ಶಾಖ ಕೊಟ್ಟು ಎಣ್ಣೆಯ ಗ್ರಂಥಿ ಸಡಿಲಿಸುವುದು, ಕೃತಕ ಕಣ್ಣೀರು ಹಾಕುವುದು. ನಾವು ನುಂಗುವ ಮಾತ್ರೆಗಳನ್ನೂ ಇಲ್ಲಿ ಲೆಕ್ಕ ಹಾಕಬೇಕು. ಶೀತ ಮತ್ತು ಅಲರ್ಜಿಯ ಕೆಲವು ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಕಣ್ಣು ಒಣಗಿಸುತ್ತವೆ.

ಎರಡನೇ ಹಂತದಲ್ಲಿ ಸಂರಕ್ಷಕ ಇಲ್ಲದ ಡ್ರಾಪ್ಸ್ ಬರುತ್ತದೆ. ದಿನಕ್ಕೆ ಹತ್ತಾರು ಸಲ ಹಾಕುವವರಿಗೆ ಇದು ತುಂಬ ಮುಖ್ಯ. ಮಾಮೂಲಿ ಬಾಟಲಿಗಳಲ್ಲಿರುವ ಬೆಂಜಾಲ್ಕೋನಿಯಮ್ ಕ್ಲೋರೈಡ್ ಎಂಬ ಸಂರಕ್ಷಕವೇ ಪದೇಪದೇ ಬಿದ್ದರೆ ಕಣ್ಣನ್ನು ಕೆಡಿಸುತ್ತದೆ. ಕಣ್ಣೀರು ಮೂಗಿನ ಕಡೆಗೆ ಹರಿದುಹೋಗುವ ಸಣ್ಣ ತೂತಿಗೆ ಬಿರಡೆ ಹಾಕುವುದು, ಉರಿಯೂತ ಇಳಿಸಲು ಸೈಕ್ಲೋಸ್ಪೊರಿನ್ ಹನಿ ಕೊಡುವುದು ಕೂಡ ಈ ಹಂತದ್ದೇ. ಸೈಕ್ಲೋಸ್ಪೊರಿನ್ ಫಲ ಕೊಡಲು ತಿಂಗಳುಗಳೇ ಬೇಕು. ಎರಡು ವಾರ ಹಾಕಿ "ಉಪಯೋಗ ಇಲ್ಲ" ಎಂದು ಬಿಟ್ಟರೆ ಆ ಮೆಟ್ಟಿಲು ಹತ್ತಿದ ಹಾಗಾಗಲಿಲ್ಲ.

ಮೂರನೇ ಹಂತದಲ್ಲಿ ರೋಗಿಯದೇ ರಕ್ತದ ಸೀರಮ್ ತೆಗೆದು ಮಾಡಿದ ಹನಿ, ಅದರ ಪಕ್ಕದಲ್ಲೇ ಸ್ಕ್ಲೀರಲ್ ಲೆನ್ಸ್. ನಾಲ್ಕನೆಯದು ರೆಪ್ಪೆಯನ್ನು ಭಾಗಶಃ ಹೊಲಿದು ಮುಚ್ಚುವುದರಂಥ ಶಸ್ತ್ರಚಿಕಿತ್ಸೆಗಳು.

ಎಲ್ಲರೂ ಒಂದೊಂದೇ ಮೆಟ್ಟಿಲು ಎಣಿಸಿಕೊಂಡು ಕಾಯಬೇಕೆಂದಿಲ್ಲ. ಸ್ಟೀವನ್ಸ್-ಜಾನ್ಸನ್ ಆದ ಮಗುವಿಗೆ, ಕಾರ್ನಿಯಾದ ಗಾಯ ಮಾಯದೆ ಉಳಿದವರಿಗೆ ಡಾಕ್ಟ್ರು ಬೇಗನೆ ಲೆನ್ಸಿನ ಮಾತು ಎತ್ತುತ್ತಾರೆ. ಅಲ್ಲಿ ತಡ ಮಾಡುವುದೇ ಅಪಾಯ.

ಯಾರಿಗೆ ಜಾಗ್ರತೆ ಬೇಕು?

ಕಣ್ಣಲ್ಲಿ ಸೋಂಕು ಇರುವಾಗ ಲೆನ್ಸ್ ಹಾಕುವಂತಿಲ್ಲ, ಮೊದಲು ಅದು ವಾಸಿಯಾಗಬೇಕು. ಕಾರ್ನಿಯಾದ ಒಳಬದಿಯ ಕೋಶಗಳು ಕಡಿಮೆ ಇದ್ದವರಿಗೆ ಲೆನ್ಸಿನಡಿ ಆಮ್ಲಜನಕ ಕಡಿಮೆಯಾಗಿ ಕಾರ್ನಿಯಾ ಬಾತುಕೊಳ್ಳಬಹುದು. ದೀಪದ ಸುತ್ತ ಕಾಮನಬಿಲ್ಲಿನಂಥ ಬಳೆ ಕಂಡರೆ ಅದು ಅದರ ಸೂಚನೆ. ಕಾರ್ನಿಯಾ ಕಸಿ ಆದವರಲ್ಲಿ ಈ ಕೋಶಗಳನ್ನು ಎಣಿಸಿಯೇ ಮುಂದುವರಿಯಬೇಕು. ಗ್ಲಾಕೋಮಾ ಇದ್ದವರು, ಅದರಲ್ಲೂ ಅದಕ್ಕೆ ಶಸ್ತ್ರಚಿಕಿತ್ಸೆ ಆದವರು, ಆ ವಿಷಯವನ್ನು ಮೊದಲೇ ಹೇಳಬೇಕು. ಲೆನ್ಸಿನ ಅಂಚು ಕೂರುವ ಜಾಗದಲ್ಲೇ ಆ ಆಪರೇಷನ್ನಿನ ಗುಳ್ಳೆಯೋ ಕೊಳವೆಯೋ ಇರುತ್ತದೆ. ರೆಪ್ಪೆ ಕಣ್ಣಿಗೆ ಅಂಟಿ ಒಳಗಿನ ಜಾಗವೇ ಕಿರಿದಾದವರಿಗೆ ದೊಡ್ಡ ಲೆನ್ಸ್ ಕೂರಲು ಜಾಗ ಸಾಲದು, ಕೆಲವೊಮ್ಮೆ ಮೊದಲು ರೆಪ್ಪೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸ್ಪರ್ಶಜ್ಞಾನ ಇಲ್ಲದ ಕಣ್ಣಿಗೆ ಲೆನ್ಸ್ ಒಳ್ಳೆಯ ರಕ್ಷಣೆ. ಆದರೆ ಸೋಂಕು ಆದರೂ ಅವರಿಗೆ ನೋವು ಗೊತ್ತಾಗುವುದಿಲ್ಲ, ಹಾಗಾಗಿ ತಪಾಸಣೆ ತಪ್ಪಿಸುವಂತಿಲ್ಲ.

ಅಳತೆಯ ದಿನ

ಚಶ್ಮದ ಹಾಗೆ ನಂಬರ್ ಬರೆದುಕೊಟ್ಟರೆ ಈ ಲೆನ್ಸ್ ಆಗುವುದಿಲ್ಲ. ಒಬ್ಬರ ಕಣ್ಣಿನ ಬಿಳಿಭಾಗದ ಉಬ್ಬುತಗ್ಗು ಇನ್ನೊಬ್ಬರದ್ದರ ಹಾಗಿರುವುದಿಲ್ಲ. ಯಂತ್ರದಲ್ಲಿ ಕಣ್ಣಿನ ಆಕಾರ ತೆಗೆದು, ಮಾದರಿ ಲೆನ್ಸ್ ಹಾಕಿ ಕೂರಿಸಿ ನೋಡುತ್ತಾರೆ. ಲೆನ್ಸ್ ಮತ್ತು ಕಾರ್ನಿಯಾದ ನಡುವೆ ಕೆಲವು ನೂರು ಮೈಕ್ರಾನ್ ಅಂತರ ಇರಬೇಕು. ಒಂದು ಮಿಲಿಮೀಟರಿಗೆ 1000 ಮೈಕ್ರಾನ್ ಎಂದರೆ ಎಷ್ಟು ಸೂಕ್ಷ್ಮ ಎಂದು ಅಂದಾಜಾಗುತ್ತದೆ. ಹೊತ್ತು ಹೋದ ಹಾಗೆ ಲೆನ್ಸ್ ಸ್ವಲ್ಪ ತಗ್ಗಿ ಕೂರುತ್ತದೆ. ಅದಕ್ಕೇ ಹಾಕಿದ ತಕ್ಷಣ ನೋಡಿದರೆ ಸಾಲದು, ಕೆಲವು ಗಂಟೆ ಬಿಟ್ಟು ಮತ್ತೆ ನೋಡಬೇಕು. ಅಂಚು ಒತ್ತಿ ರಕ್ತನಾಳ ಬಿಳಿಚಿಕೊಂಡರೆ ಲೆನ್ಸ್ ತಿದ್ದಬೇಕು.

ಈ ಮಾದರಿ ಲೆನ್ಸಿನ ಹೊತ್ತೇ ನಮ್ಮ ನಿರ್ಧಾರಕ್ಕೆ ದೊಡ್ಡ ಸಹಾಯ. ಹಾಕಿಕೊಂಡು ಆಸ್ಪತ್ರೆಯ ಹೊರಗೆ ಬಿಸಿಲಿಗೆ ಹೋಗಿ ಬನ್ನಿ. ಫ್ಯಾನಿನ ಕೆಳಗೆ ಕೂರಿ. ಪೇಪರ್ ಓದಿ. ಕಣ್ಣು ಬಿಡಲಾಗದಿದ್ದವರು ಅಲ್ಲೇ ಆರಾಮವಾಗಿ ಕೂತರೆ ಅದು ಒಳ್ಳೆಯ ಲಕ್ಷಣ. ಒಂದೇ ಭೇಟಿಯಲ್ಲಿ ಕೆಲಸ ಮುಗಿಯುತ್ತದೆ ಎಂದು ಮಾತ್ರ ಯಾರೂ ಹೊರಡಬೇಡಿ. ಮಂಗಳೂರಿನಿಂದ ರೈಲು ಹತ್ತಿ ಚೆನ್ನೈಗೆ ಹೋಗುವವರು ಕೆಲವು ದಿನ ಉಳಿಯುವ, ಮತ್ತೊಮ್ಮೆ ಬರುವ ಲೆಕ್ಕ ಹಾಕಿಯೇ ಹೋಗಬೇಕು. ಅದಕ್ಕೆ ಮೊದಲು ನಮ್ಮ ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಕಣ್ಣಿನ ವಿಭಾಗದಲ್ಲಿ ಪರೀಕ್ಷೆ ಮಾಡಿಸಿ, ಕಾಗದಪತ್ರ ತಯಾರು ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಬಾವಿ ನೀರು, ವುಝೂ, ಸುರುಮ

ಇನ್ನು ಮನೆಯ ಕೆಲಸ. ಬೆಳಗ್ಗೆ ಕೈಯನ್ನು ಸಾಬೂನಿನಲ್ಲಿ ತೊಳೆದು ಪೂರ್ತಿ ಒರಸಬೇಕು. ಸಣ್ಣ ರಬ್ಬರ್ ಹಿಡಿಕೆಯ ಮೇಲೆ ಲೆನ್ಸ್ ಇಟ್ಟು, ಸಲೈನನ್ನು ಅಂಚಿನವರೆಗೆ ತುಂಬಿಸಿ, ಮುಖವನ್ನು ನೆಲಕ್ಕೆ ನೇರವಾಗಿ ಬಗ್ಗಿಸಿ ಕಣ್ಣಿಗೆ ಕೂರಿಸಬೇಕು. ಒಳಗೆ ಗಾಳಿಗುಳ್ಳೆ ಉಳಿದರೆ ತೆಗೆದು ಪುನಃ ಹಾಕಬೇಕು. ರಾತ್ರಿ ಮಲಗುವ ಮೊದಲು ತೆಗೆಯಬೇಕು. ತೆಗೆಯುವಾಗ ಹಿಡಿಕೆಯನ್ನು ಲೆನ್ಸಿನ ನಡುವೆ ಅಲ್ಲ, ಅಂಚಿನ ಹತ್ತಿರ ತಾಗಿಸಬೇಕು. ಕಣ್ಣಲ್ಲಿ ಲೆನ್ಸ್ ಇದೆ ಎಂದು ಖಚಿತ ಮಾಡಿಕೊಳ್ಳದೆ ಹಿಡಿಕೆ ತಾಗಿಸಿದರೆ ಕಾರ್ನಿಯಾಕ್ಕೇ ಪೆಟ್ಟು. ಆಮೇಲೆ ಹೇಳಿದ ದ್ರಾವಣದಲ್ಲೇ ತೊಳೆದು ಇಡಬೇಕು. ತೆರೆದ ಸಲೈನನ್ನು ನಾಳೆಗೆಂದು ಎತ್ತಿಡಬಾರದು. ಮೊದಲ ವಾರ ಅರ್ಧ ಗಂಟೆ ಹಿಡಿಯುವ ಈ ಕೆಲಸ ರೂಢಿಯಾದ ಮೇಲೆ ಕೆಲವೇ ನಿಮಿಷದ್ದು. ಆದರೆ ದಿನಾ ಮಾಡಲೇಬೇಕು.

ನಡುಹಗಲಿಗೆ ಕೆಲವರಿಗೆ ಲೆನ್ಸಿನೊಳಗಿನ ನೀರು ಮಂಜಾಗುತ್ತದೆ. ಲೆನ್ಸ್ ಹಾಳಾಯಿತೆಂದು ಹೆದರುವುದು ಬೇಡ. ತೆಗೆದು ಹೊಸ ಸಲೈನ್ ತುಂಬಿಸಿ ಹಾಕಿದರೆ ತಿಳಿಯಾಗುತ್ತದೆ. ರೆಪ್ಪೆಯ ಎಣ್ಣೆ ಗ್ರಂಥಿಗೆ ಸರಿಯಾಗಿ ಚಿಕಿತ್ಸೆ ಮಾಡದವರಲ್ಲಿ ಇದು ಹೆಚ್ಚಾಗಬಹುದು, ಅದಕ್ಕೇ ಮೊದಲಿನ ಮೆಟ್ಟಿಲು ಬಿಡಬಾರದು ಎನ್ನುವುದು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ನೀರಿನದು. ನಮ್ಮ ಜಿಲ್ಲೆಯಲ್ಲಿ ಬಾವಿ ಇಲ್ಲದ ಹಿತ್ತಲು ಕಡಿಮೆ, ಅದರ ನೀರು ಅಮೃತ ಎಂಬ ನಂಬಿಕೆಯೂ ನಮಗಿದೆ. ಕುಡಿಯಲು ಇರಲಿ, ಲೆನ್ಸಿಗೆ ಮಾತ್ರ ಬೇಡ. ಬಾವಿ, ನಳ್ಳಿ, ಟ್ಯಾಂಕ್ ಎಲ್ಲ ನೀರಿನಲ್ಲೂ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಲೆನ್ಸಿನಡಿ ಸಿಕ್ಕಿಕೊಂಡರೆ ಕಾರ್ನಿಯಾವನ್ನು ತಿನ್ನುತ್ತದೆ, ಚಿಕಿತ್ಸೆಯೂ ಬಹಳ ಕಷ್ಟ. ಲೆನ್ಸನ್ನಾಗಲಿ, ಅದರ ಡಬ್ಬಿಯನ್ನಾಗಲಿ, ರಬ್ಬರ್ ಹಿಡಿಕೆಯನ್ನಾಗಲಿ ನೀರಿನಲ್ಲಿ ತೊಳೆಯಬಾರದು. ಕುದಿಸಿ ಆರಿಸಿದ ನೀರೂ ಬೇಡ.

ಹಾಗಾದರೆ ದಿನಕ್ಕೆ ಐದು ಹೊತ್ತು ವುಝೂ ಮಾಡುವವರು ಏನು ಮಾಡಬೇಕು? ವುಝೂವಿನಲ್ಲಿ ಕಡ್ಡಾಯ ಇರುವುದು ಮುಖ ತೊಳೆಯುವುದು, ಕಣ್ಣಿನ ಒಳಗೆ ನೀರು ಹಾಕುವುದಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಮುಖ ತೊಳೆದು, ರೆಪ್ಪೆಯ ಮೇಲಿನ ನೀರನ್ನು ಶುದ್ಧ ಬಟ್ಟೆಯಲ್ಲಿ ಒತ್ತಿಕೊಂಡು ಆಮೇಲೆ ಕಣ್ಣು ಬಿಟ್ಟರಾಯಿತು. ಪ್ರತೀ ಹೊತ್ತಿಗೂ ಲೆನ್ಸ್ ತೆಗೆಯುವ ಅಗತ್ಯ ಇಲ್ಲ. ಸುಜೂದಿಗೆ ಬಾಗಿದರೆ ಬಿದ್ದುಹೋಗುತ್ತದಾ ಎಂಬ ಭಯವೂ ಬೇಡ. ರೆಪ್ಪೆಯ ಅಡಿಯವರೆಗೆ ಹೋಗುವ ಲೆನ್ಸ್ ಅಷ್ಟು ಸುಲಭದಲ್ಲಿ ಜಾರುವುದಿಲ್ಲ. ಸ್ನಾನವನ್ನು ಮಾತ್ರ ಲೆನ್ಸ್ ಹಾಕುವ ಮೊದಲು ಅಥವಾ ತೆಗೆದ ಮೇಲೆ ಇಟ್ಟುಕೊಳ್ಳಿ. ನದಿ, ಸಮುದ್ರದ ಈಜು ಲೆನ್ಸ್ ಹಾಕಿ ಬೇಡ.

ರಮಝಾನಿನಲ್ಲಿ ಡ್ರಾಪ್ಸ್ ನಿಲ್ಲಿಸುವವರೂ ನಮ್ಮಲ್ಲಿ ಇದ್ದಾರೆ. ಕಣ್ಣಿಗೆ ಮದ್ದು ಹಾಕುವುದರಿಂದ ಉಪವಾಸ ಮುರಿಯುವುದಿಲ್ಲ ಎಂಬುದು ಶಾಫಿಈ ಮದ್ಹಬಿನ ಪ್ರಸಿದ್ಧ ಅಭಿಪ್ರಾಯ. ಸಂದೇಹ ಇದ್ದವರು ಉಸ್ತಾದರನ್ನು ಕೇಳಿ, ಆದರೆ ಒಣಗಿದ ಕಣ್ಣನ್ನು ತಿಂಗಳಿಡೀ ಹಾಗೇ ಬಿಡಬೇಡಿ. ಸುರುಮ ಲೆನ್ಸಿನ ಜೊತೆ ಬೇಡವೇ ಬೇಡ. ಅದರ ಪುಡಿ ಲೆನ್ಸಿನಡಿ ಸೇರುತ್ತದೆ, ಕೆಲವು ಸುರುಮಗಳಲ್ಲಿ ಸೀಸವೂ ಇರುತ್ತದೆ. ಅತ್ತರ್, ತಲೆಗೆ ಹಚ್ಚುವ ತೆಂಗಿನೆಣ್ಣೆ ಎಲ್ಲ ಲೆನ್ಸ್ ಹಾಕಿದ ಮೇಲೆ. ಎಣ್ಣೆ ಕೈ ತಾಗಿದ ಲೆನ್ಸಿನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ.

ಮೂರು ಮನೆ, ಮೂರು ಉತ್ತರ

ಇಷ್ಟೆಲ್ಲ ಓದಿ ತಲೆ ತಿರುಗಿದವರಿಗೆ ಉದಾಹರಣೆಗೆಂದು ಮೂರು ಮನೆ ಊಹಿಸಿಕೊಳ್ಳೋಣ.

ಮೊದಲ ಮನೆಯಲ್ಲಿ 55 ವರ್ಷದ ಉಮ್ಮ. ಶೋಗ್ರೆನ್ ಇದೆ. ಡ್ರಾಪ್ಸ್, ಬಿರಡೆ, ಸೈಕ್ಲೋಸ್ಪೊರಿನ್ ಎಲ್ಲ ಆಗಿದೆ, ಕಾರ್ನಿಯಾದಲ್ಲಿ ಗಾಯದ ಚುಕ್ಕಿ ಹೋಗಿಲ್ಲ. ಕಣ್ಣಿನ ಲೆಕ್ಕದಲ್ಲಿ ಲೆನ್ಸ್ ಒಪ್ಪುತ್ತದೆ. ಆದರೆ ಬೆರಳಿನ ಗಂಟು ಬಿಗಿದು ಸಣ್ಣ ವಸ್ತು ಹಿಡಿಯಲಾಗುವುದಿಲ್ಲ. ಸೊಸೆ "ನಾನು ಹಾಕಿಕೊಡ್ತೇನೆ" ಅಂದರೆ ಒಳ್ಳೆಯದು. ಸೊಸೆ ತವರಿಗೆ ಹೋದ ವಾರ ಯಾರು? ಮಗಳೋ ಮೊಮ್ಮಗಳೋ ಮತ್ತೊಬ್ಬರೂ ಕಲಿತಿರಬೇಕು. ಹಿಡಿಕೆಯನ್ನು ನಿಲ್ಲಿಸುವ ಸ್ಟ್ಯಾಂಡ್ ಸಿಗುತ್ತದೆ, ಅದನ್ನೂ ಕೇಳಿ. ಇಬ್ಬರು ಕಲಿಯಲು ತಯಾರಿದ್ದರೆ ಈ ಮನೆಯ ಉತ್ತರ 'ಹಾಕಿಸಿ ನೋಡೋಣ'.

ಎರಡನೇ ಮನೆಯ 28ರ ಯುವಕ ದುಬೈಯಲ್ಲಿ ಎಸಿ ಅಂಗಡಿಯ ಕೌಂಟರ್‌ನಲ್ಲಿ ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ನೋಡುತ್ತಾನೆ. ಕಣ್ಣು ಉರಿ, ಕೆಂಪು. ಪರೀಕ್ಷೆಯಲ್ಲಿ ಕಾಗದದ ಪಟ್ಟಿ ಚೆನ್ನಾಗಿಯೇ ಒದ್ದೆಯಾಗುತ್ತದೆ, ಕಟ್ಟಿಕೊಂಡಿರುವುದು ಎಣ್ಣೆಯ ಗ್ರಂಥಿ. ಇವನಿಗೆ ಸ್ಕ್ಲೀರಲ್ ಲೆನ್ಸ್ ಬೇಡ. ಬಿಸಿ ಶಾಖ, ರೆಪ್ಪೆಯ ಶುಚಿ, ಮುಖಕ್ಕೆ ಬೀಳದ ಎಸಿ, ಸರಿಯಾದ ಡ್ರಾಪ್ಸ್ ಸಾಕು. ಆ ಹಣ ಉಳಿಯಲಿ. ನಿಜವಾಗಿ ಲೆನ್ಸ್ ಬೇಕಾದವರು ಗಲ್ಫ್‌ಗೆ ಹೋಗುವುದಿದ್ದರೆ ಸಲೈನ್, ದ್ರಾವಣ ಅಲ್ಲಿ ಎಲ್ಲಿ ಸಿಗುತ್ತದೆ, ಕಣ್ಣು ಕೆಂಪಾದರೆ ಯಾರಿಗೆ ತೋರಿಸುವುದು ಎಂದು ಮೊದಲೇ ವಿಚಾರಿಸಿ ಹೋಗಬೇಕು.

ಮೂರನೇ ಮನೆಯ ಶಾಲೆಗೆ ಹೋಗುವ ಹುಡುಗಿಗೆ ಫಿಟ್ಸ್ ಮಾತ್ರೆಯಿಂದ ಸ್ಟೀವನ್ಸ್-ಜಾನ್ಸನ್ ಆಗಿತ್ತು. ಜೀವ ಉಳಿಯಿತು, ಆದರೆ ಬೋರ್ಡ್ ಕಾಣುವುದಿಲ್ಲ, ಬಿಸಿಲಿಗೆ ಬರಲಾಗುವುದಿಲ್ಲ, ಶಾಲೆ ನಿಂತಿದೆ. ಇಲ್ಲಿ ಲೆನ್ಸಿನ ವಿಚಾರ ಇವತ್ತೇ ಶುರುವಾಗಬೇಕು, ಅದೂ ಇಂಥ ಕಣ್ಣುಗಳನ್ನು ನೋಡಿ ಪಳಗಿದ ದೊಡ್ಡ ಕೇಂದ್ರದಲ್ಲಿ. ಒರಟಾದ ರೆಪ್ಪೆಯ ಅಂಚಿಗೆ ಮೊದಲು ಬಾಯಿಯ ಒಳಪದರದ ಕಸಿ ಬೇಕೆಂದು ಅವರು ಹೇಳಬಹುದು. ಮಕ್ಕಳಿಗೂ ಈ ಲೆನ್ಸ್ ಹಾಕಬಹುದು, ತಂದೆ ತಾಯಿ ಕಲಿತರೆ ಸರಿ. ಕುಟುಂಬದಲ್ಲಿ ಒಟ್ಟು ಹಣ ಕೂಡಿಸುವುದಿದ್ದರೆ ಕೂಡಿಸಬೇಕಾದ ಮನೆ ಇದು.

ಹಣ ಕೊಡುವ ಮೊದಲು ಕೇಳಬೇಕಾದ್ದು

ಬೆಲೆ ಬರೀ ಲೆನ್ಸಿನದ್ದಲ್ಲ. ತಿಂಗಳು ತಿಂಗಳು ಸಲೈನ್ ಮತ್ತು ದ್ರಾವಣ, ತಪಾಸಣೆಯ ಪ್ರಯಾಣ, ಕೆಲವು ವರ್ಷಕ್ಕೊಮ್ಮೆ ಹೊಸ ಲೆನ್ಸ್ ಎಲ್ಲ ಸೇರಿಸಿ ಲೆಕ್ಕ ಹಾಕಬೇಕು. ಡಾಕ್ಟ್ರಲ್ಲಿ ನಾವು ನೇರವಾಗಿ ಕೇಳಬಹುದಾದ ಪ್ರಶ್ನೆಗಳು ಇವು: ನನ್ನ ಕಣ್ಣು ಒಣಗಲು ಕಾರಣ ಏನು? ಇನ್ನೂ ಮಾಡಿ ನೋಡದ ಚಿಕಿತ್ಸೆ ಉಳಿದಿದೆಯಾ? ಲೆನ್ಸಿನಿಂದ ನೋವು ಕಡಿಮೆಯಾಗುವುದಾ, ದೃಷ್ಟಿ ಸುಧಾರಿಸುವುದಾ, ಅಥವಾ ಕಾರ್ನಿಯಾ ಉಳಿಯುವುದು ಮಾತ್ರವಾ? ಅಳತೆ ತಿದ್ದಲು ಬೇರೆ ಹಣ ಕೊಡಬೇಕಾ? ಒಡೆದರೆ, ಕಳೆದರೆ ಏನು? ಹಾಕಿ ತೆಗೆಯುವುದನ್ನು ನಮಗೇ ಬರುವವರೆಗೆ ಕಲಿಸುತ್ತೀರಾ? ಕೊನೆಯ ಪ್ರಶ್ನೆಗೆ 'ಹೌದು' ಎನ್ನದ ಕಡೆ ಹಣ ಕಟ್ಟಬೇಡಿ.

ಲೆನ್ಸ್ ಹಾಕುತ್ತಿರುವವರು ಮನೆಯ ಗೋಡೆಗೆ ಅಂಟಿಸಿಡಬೇಕಾದ ಮಾತು ಒಂದಿದೆ. ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕಿಗೆ ಕಣ್ಣು ಬಿಡಲಾಗದಿದ್ದರೆ, ಪಿಸರು ಬಂದರೆ, ಲೆನ್ಸ್ ತೆಗೆದ ಮೇಲೂ ಮಂಜು ಹೋಗದಿದ್ದರೆ ತಕ್ಷಣ ಲೆನ್ಸ್ ತೆಗೆಯಿರಿ, ಮತ್ತೆ ಹಾಕಬೇಡಿ, ಅದೇ ದಿನ ಕಣ್ಣಿನ ಡಾಕ್ಟ್ರನ್ನು ಕಾಣಿ. ಮೆಡಿಕಲ್‌ನಿಂದ ಕೇಳಿ ತಂದ ಸ್ಟೀರಾಯ್ಡ್ ಹನಿ ಹಾಕಬೇಡಿ. ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೆ ಕೊಂಡುಹೋಗಿ, ಸೋಂಕು ಯಾವುದೆಂದು ತಿಳಿಯಲು ಅದು ಬೇಕಾಗಬಹುದು.

ನಮ್ಮ ಮನೆಗಳಲ್ಲಿ ಕಣ್ಣುರಿ ಎಂದು ಮೂಲೆಯಲ್ಲಿ ಕೂತವರು ಯಾರಾದರೂ ಇದ್ದರೆ, ಈ ವಾರವೇ ಒಂದು ಶರ್ಮರ್ ಪರೀಕ್ಷೆ ಮಾಡಿಸಿ. ಐದು ನಿಮಿಷದ ಕೆಲಸ. ಲೆನ್ಸ್ ಬೇಕಾ ಬೇಡವಾ ಎಂಬ ಮಾತನ್ನು ಅದರ ನಂತರ ಆಡೋಣ.